ನೆಲಮಾಳಿಗೆಯ ಗೋಡೆ: ತಲೆಯ ಮೇಲಿನ ಭಾರ, ಪಕ್ಕದ ಒತ್ತಡ ಮತ್ತು ನಮ್ಮ ಲೆಕ್ಕಪುಸ್ತಕ

ಲೆಕ್ಕಪರಿಶೋಧಕನೊಬ್ಬನು ಕಾಂಕ್ರೀಟ್ ಗೋಡೆಯ ವಿನ್ಯಾಸದ ಕುರಿತು ಬರೆಯಲು ಹೊರಟಿರುವುದು ಅಧಿಕಪ್ರಸಂಗವೆಂದು ಸದಸ್ಯ ಮಿತ್ರರಿಗೆ ತೋರಬಹುದು. ವಿವರಪತ್ರಗಳ ಗಡುವು, ಮುಂಗಡ ತೆರಿಗೆಯ ಕಂತು, ಬ್ಯಾಂಕಿನ ಸಾಲಕ್ಕೆ ಬೇಕಾದ ಅಂದಾಜು ತಃಖ್ತೆ ಇವೇ ನನ್ನ ನಿತ್ಯದ ವ್ಯವಹಾರ. ಆದರೆ ನಮ್ಮ ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಜಾಗದ ಬೆಲೆ ಏರಿದಂತೆಲ್ಲ ಅಂಗಡಿಯ ಕೆಳಗೊಂದು ಗೋದಾಮು, ಕಾರ್ಖಾನೆಯ ಕೆಳಗೊಂದು ಉಗ್ರಾಣ ಕಟ್ಟುವವರು ಹೆಚ್ಚುತ್ತಿದ್ದಾರೆ. ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಇರುವ ಈ ಗೋಡೆಗಳ ಖರ್ಚಿನ ಪಟ್ಟಿಯು ಎಂಜಿನಿಯರರ ಮೇಜಿನಿಂದ ನೇರವಾಗಿ ನಮ್ಮಂಥವರ ಮೇಜಿಗೆ ಬರುತ್ತದೆ. ಅಲ್ಲಿ ಯಾವ ಸಾಲನ್ನು ಹೊಡೆದುಹಾಕಬೇಕು, ಯಾವುದನ್ನು ಉಳಿಸಬೇಕು ಎಂಬ ನಿರ್ಧಾರದಲ್ಲಿ ಗೊತ್ತಿಲ್ಲದೆಯೇ ನಾವು ಭಾಗಿಗಳಾಗುತ್ತೇವೆ. ಹಾಗೆ ಭಾಗಿಯಾಗಿ ತಪ್ಪು ಮಾಡಿದವನು ನಾನು. ಈ ಲೇಖನಕ್ಕೆ ಅದೇ ಕಾರಣ.

2019ರ ಆರಂಭದಲ್ಲಿ ನನ್ನ ಕಕ್ಷಿದಾರರಾದ ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರಿಯೊಬ್ಬರು ಅಂಗಡಿಯ ಕೆಳಗೆ ಗೋದಾಮು ಕಟ್ಟಲು ಮುಂದಾದರು. 20 ಮೀಟರ್ ಉದ್ದ, 12 ಮೀಟರ್ ಅಗಲ. ಸುತ್ತಲೂ 3.6 ಮೀಟರ್ ಎತ್ತರದ, 200 ಮಿಲಿಮೀಟರ್ ಅಂದರೆ ಸುಮಾರು ಎಂಟು ಅಂಗುಲ ದಪ್ಪದ ಕಾಂಕ್ರೀಟ್ ಗೋಡೆ. ಅದರಲ್ಲಿ 3 ಮೀಟರ್ ನೆಲದೊಳಗೆ. ಮೇಲಿನ 60 ಸೆಂಟಿಮೀಟರಿನಲ್ಲಿ ಗಾಳಿ-ಬೆಳಕಿನ ಕಿಂಡಿಗಳು. ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯನ್ನು ನಾನು ಸಿದ್ಧಪಡಿಸುತ್ತಿದ್ದೆ. ಮಾಲೀಕರ ಸ್ವಂತ ಬಂಡವಾಳಕ್ಕೂ ಸಾಲಕ್ಕೂ ಇರಬೇಕಾದ ಅನುಪಾತ ಕೂಡಿಬರದೆ ಎರಡು ಲಕ್ಷದಷ್ಟು ಖರ್ಚನ್ನು ಇಳಿಸಬೇಕಾಗಿತ್ತು. ಅಂದಾಜು ಪಟ್ಟಿಯಲ್ಲಿ ‘ಗೋಡೆಯ ಹೊರಬದಿಗೆ ಹೊರಗಿನಿಂದ ತಂದ ಗರಸು ತುಂಬುವುದು, ಖಡಿಯ ಪದರ, ತೂತಿನ ಕೊಳವೆ’ ಎಂಬ ಸಾಲಿತ್ತು. ಮೊತ್ತ 1,80,000 ರೂಪಾಯಿ. ಅಗೆದು ತೆಗೆದ ಮಣ್ಣು ಅಲ್ಲಿಯೇ ರಾಶಿ ಬಿದ್ದಿರುವಾಗ ಮತ್ತೆ ಮಣ್ಣನ್ನು ಕೊಂಡು ತರುವುದೇಕೆ? ಕೆಂಪು ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದವನು ನಾನೇ. ಎಂಜಿನಿಯರರು ಆಕ್ಷೇಪಿಸಿದರು, ಮಾಲೀಕರು ನನ್ನ ಮಾತನ್ನು ಕೇಳಿದರು.

ಏಪ್ರಿಲ್ ತಿಂಗಳಲ್ಲಿ ಗೋಡೆ ಎದ್ದಿತು. ಅಗೆದ ಎರೆಮಣ್ಣಿನ ರಾಶಿ ಪಕ್ಕದ ಅಂಗಡಿಯವರ ಲಾರಿಗೆ ಅಡ್ಡಿಯಾಗುತ್ತಿದ್ದುದರಿಂದ ಮೇ ತಿಂಗಳಲ್ಲಿಯೇ, ಮೇಲಿನ ಸ್ಲ್ಯಾಬ್ ಹಾಕುವ ಮೊದಲೇ, ಗೌಂಡಿಯು ಅದನ್ನೆಲ್ಲ ಗೋಡೆಯ ಹಿಂದಕ್ಕೆ ದೂಡಿ ತುಂಬಿಸಿದನು. ಸ್ಲ್ಯಾಬ್ ಬಿದ್ದದ್ದು ಜುಲೈ ತಿಂಗಳಲ್ಲಿ. ಆ ವರ್ಷದ ಆಗಸ್ಟ್ ಮಳೆಯನ್ನು ಉತ್ತರ ಕರ್ನಾಟಕದವರು ಮರೆತಿರಲಾರರು. ಒಂದು ಬೆಳಿಗ್ಗೆ ಮಾಲೀಕರ ಫೋನು ಬಂತು: “ಸಾಹೇಬ್ರ, ಗ್ವಾಡಿ ಬುಡಕ್ಕ ನೀರು ಬರಾಕತ್ತೈತ್ರಿ, ಇನ್ಶೂರನ್ಸಿನವ್ರಿಗೆ ಏನ್ ಬರೀಬೇಕು ಹೇಳ್ರಿ.” ನಾನು ಹೋಗಿ ನೋಡಿದಾಗ ರಟ್ಟಿನ ಪೆಟ್ಟಿಗೆಗಳ ಕೆಳಗಿನ ಎರಡು ಸಾಲು ಪೂರ್ತಿ ತೊಯ್ದಿದ್ದವು. ಫ್ಯಾನುಗಳ ಮೋಟಾರು, ಸ್ವಿಚ್ಚುಗಳು, ಪಂಪಿನ ಸ್ಟಾರ್ಟರುಗಳು ಕೆಟ್ಟಿದ್ದವು. ಕೊಂಡ ಬೆಲೆಯಲ್ಲಿ 6,40,000 ರೂಪಾಯಿಯ ಸರಕು. ಗೋಡೆಯ ಒಳಮೈಯಲ್ಲಿ ಬಿರುಕು ಕಾಣುತ್ತಿರಲಿಲ್ಲ. ಆದರೂ ತಳದ ಅಂಚಿನುದ್ದಕ್ಕೂ ನೀರು ಒಸರುತ್ತಿತ್ತು.

ಬಿರುಕು ಏಕೆ ಕಾಣಲಿಲ್ಲ ಎಂಬುದನ್ನು ತಿಳಿಯಲು ನನಗೆ ಎರಡು ಭಾನುವಾರಗಳು ಬೇಕಾದವು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಮಿತ್ರರೊಬ್ಬರು ಕಾಗದ-ಪೆನ್ಸಿಲ್ ಹಿಡಿದು ತಾಳ್ಮೆಯಿಂದ ವಿವರಿಸಿದರು. ಅವರು ಹೇಳಿದ್ದನ್ನು ವ್ಯಾಪಾರಸ್ಥರ ಭಾಷೆಯಲ್ಲಿ ಇಲ್ಲಿ ನಿರೂಪಿಸುತ್ತೇನೆ.

ಮೇಲಿನ ಭಾರ ಎಷ್ಟು ಅಲ್ಪ

ಗೋಡೆ ಎಂದೊಡನೆ ನಾವು ಯೋಚಿಸುವುದು ಅದು ಹೊರುವ ಭಾರವನ್ನು. ಮೇಲೆ ಎಷ್ಟು ಅಂತಸ್ತು ಬರುತ್ತದೆ, ಅದಕ್ಕೆ ಎಂಟು ಅಂಗುಲ ಸಾಕೇ, ಎಂದು ಕೇಳುತ್ತೇವೆ. ಐ.ಎಸ್. 456 ಎಂಬ ಭಾರತೀಯ ಮಾನಕದ 2000ನೇ ಇಸವಿಯ ಆವೃತ್ತಿಯಲ್ಲಿ, ನೇರವಾಗಿ ಮೇಲಿನಿಂದ ಮಾತ್ರ ಭಾರ ಬೀಳುವ ಗೋಡೆಗೆ ಒಂದು ಸರಳ ಸೂತ್ರವಿದೆ. ಎಂ-25 ದರ್ಜೆಯ ಕಾಂಕ್ರೀಟಿನ, 200 ಮಿ.ಮೀ. ದಪ್ಪದ, 3.6 ಮೀ. ಎತ್ತರದ ಗೋಡೆಗೆ ಅದನ್ನು ಅನ್ವಯಿಸಿದರೆ ಉದ್ದದ ಪ್ರತಿ ಮೀಟರಿಗೆ ಸುಮಾರು 100 ಟನ್ ಸಾಮರ್ಥ್ಯ ಬರುತ್ತದೆ. ನಮ್ಮ ಗೋದಾಮಿನ ಗೋಡೆಯ ಮೇಲೆ ಸ್ಲ್ಯಾಬ್, ಅಂಗಡಿ, ಸರಕು ಎಲ್ಲ ಸೇರಿ ಮೀಟರಿಗೆ 6 ಟನ್ ಎಂದಿಟ್ಟುಕೊಳ್ಳೋಣ. ಸುರಕ್ಷತೆಗಾಗಿ ಒಂದೂವರೆ ಪಟ್ಟು ಮಾಡಿದರೆ 9 ಟನ್. ಹನ್ನೊಂದು ಪಟ್ಟು ಹೆಚ್ಚಿನ ಶಕ್ತಿ! ಇದನ್ನು ನೋಡಿದ ಯಾವ ಲೆಕ್ಕಿಗನಾದರೂ ‘ಗೋಡೆ ದುಂದಾಯಿತು, ಆರು ಅಂಗುಲಕ್ಕೆ ಇಳಿಸಿ’ ಎಂದೇ ಹೇಳುವನು. ನಾನು ಗೋಡೆಯ ದಪ್ಪಕ್ಕೆ ಕೈ ಹಾಕದಿದ್ದುದು ನನ್ನ ಜಾಣತನದಿಂದಲ್ಲ. ಪಟ್ಟಿಯಲ್ಲಿ ಇನ್ನೊಂದು ಸಾಲು ಮೊದಲು ಕಣ್ಣಿಗೆ ಬಿದ್ದುದರಿಂದ.

ಈ ಸೂತ್ರದ ತಲೆಬರಹದಲ್ಲಿಯೇ ಷರತ್ತು ಇದೆ. ಬರಿಯ ನೇರ ಭಾರಕ್ಕೆ ಮಾತ್ರ ಅದು ಸಲ್ಲುತ್ತದೆ. ಪಕ್ಕದಿಂದ ಒತ್ತುವ ಬಲವೂ ಇದ್ದಲ್ಲಿ, ಗೋಡೆಯ ಎರಡೂ ಮುಖಗಳಲ್ಲಿ ನೆಟ್ಟನೆಯ ಕಂಬಿ ಇಟ್ಟು, ಭಾರ ಮತ್ತು ಬಾಗು ಎರಡನ್ನೂ ಒಟ್ಟಿಗೆ ಹಿಡಿದು ವಿನ್ಯಾಸ ಮಾಡಬೇಕೆಂದು ಅದೇ ಮಾನಕವು ವಿಧಿಸುತ್ತದೆ.

ಪಕ್ಕದ ಒತ್ತಡ

ಗೋಡೆಯ ಹಿಂದೆ ತುಂಬಿದ ಮಣ್ಣು ಸುಮ್ಮನೆ ನಿಂತಿರುವುದಿಲ್ಲ. ಜೋಳದ ರಾಶಿಗೆ ಹಲಗೆ ಅಡ್ಡ ಕೊಟ್ಟವರಿಗೆ ಇದು ಗೊತ್ತು. ಮಣ್ಣು ಹೀಗೆ ಒತ್ತುವ ಬಲವನ್ನು ಗಣಿತಕ್ಕೆ ಇಳಿಸಿದವನು ಫ್ರಾನ್ಸಿನ ಸೈನ್ಯದ ಎಂಜಿನಿಯರ್ ಕೂಲಂಬ್. ವಿದ್ಯುತ್ತಿನ ಪಾಠದಲ್ಲಿ ನಾವು ಕೇಳಿದ ಕೂಲಂಬ್ ಇವನೇ. ಕೋಟೆ ಕಟ್ಟುತ್ತ ಕಲಿತದ್ದನ್ನು ಆತನು ಬರೆದ ಪ್ರಬಂಧವು 1776ರಲ್ಲಿ ಪ್ರಕಟವಾಯಿತು. 1857ರಲ್ಲಿ ಸ್ಕಾಟ್ಲೆಂಡಿನ ರ‍್ಯಾಂಕಿನ್ ಅದಕ್ಕೆ ಮತ್ತೊಂದು ರೂಪ ಕೊಟ್ಟನು. ಇಂದಿಗೂ ವಿನ್ಯಾಸಕಾರರು ಇವರಿಬ್ಬರ ಸೂತ್ರಗಳನ್ನೇ ಬಳಸುತ್ತಾರೆ.

ತಿರುಳು ಇಷ್ಟು. ಆಳಕ್ಕೆ ಹೋದಂತೆ ಮಣ್ಣಿನ ತೂಕ ಹೆಚ್ಚುತ್ತದೆ, ಆ ತೂಕದ ಒಂದು ಪಾಲು ಅಡ್ಡಡ್ಡವಾಗಿ ಗೋಡೆಯನ್ನು ಒತ್ತುತ್ತದೆ. ಗೋಡೆಯು ತುಸು ಹೊರಳಿಕೊಡುವಂತಿದ್ದರೆ ಮಣ್ಣು ತನ್ನೊಳಗೇ ಕಚ್ಚಿಕೊಂಡು ನಿಲ್ಲುವುದರಿಂದ, ಮರಳು-ಗರಸಿನಂಥ ಮಣ್ಣಿಗೆ ಈ ಪಾಲು ಸುಮಾರು ಮೂರರಲ್ಲೊಂದು. ಆದರೆ ನೆಲಮಾಳಿಗೆಯ ಗೋಡೆಯನ್ನು ತಳದಲ್ಲಿ ಅಡಿಪಾಯ, ಮೇಲೆ ಸ್ಲ್ಯಾಬ್ ಹಿಡಿದಿರುತ್ತವೆ, ಅದು ಹೊರಳುವಂತಿಲ್ಲ. ಆಗ ಪಾಲು ಸುಮಾರು ಅರ್ಧಕ್ಕೇರುತ್ತದೆ. ನಕ್ಷೆ ಮಾಡುವವರು ಅವಸರದಲ್ಲಿ ಮೂರರಲ್ಲೊಂದನ್ನೇ ಹಿಡಿದರೆ ಒತ್ತಡದ ಮೂರನೆಯ ಒಂದು ಭಾಗವು ಕಾಗದದ ಮೇಲೆ ಮಾಯವಾಗುತ್ತದೆ.

ಘನಮೀಟರಿಗೆ 1.8 ಟನ್ ತೂಗುವ ಮಣ್ಣು, 3 ಮೀಟರ್ ಆಳ, ಅರ್ಧ ಪಾಲು: ತಳದಲ್ಲಿ ಚದರ ಮೀಟರಿಗೆ 2.7 ಟನ್ ಒತ್ತಡ. ಗೋಡೆಯ ಉದ್ದದ ಪ್ರತಿ ಮೀಟರಿಗೆ ಒಟ್ಟು 4.05 ಟನ್, ತಳದಿಂದ ಒಂದು ಮೀಟರ್ ಎತ್ತರದಲ್ಲಿ. ನಮ್ಮ 64 ಮೀಟರ್ ಸುತ್ತಳತೆಗೆ ಲೆಕ್ಕ ಹಾಕಿದರೆ 259 ಟನ್ನಿನ ತಳ್ಳಾಟ, ಹಗಲೂ ರಾತ್ರಿಯೂ.

ಈ ತಳ್ಳಾಟವು ಗೋಡೆಯನ್ನು ಬಾಗಿಸುತ್ತದೆ. ತಕ್ಕಡಿಯ ದಂಡಿಗೆಯನ್ನು ಬಳಸಿದ ನಮಗೆ ಇದು ಹೊಸತಲ್ಲ. ತೂಕ ಎಷ್ಟು ಎಂಬುದರ ಜೊತೆಗೆ ಅದು ಎಷ್ಟು ದೂರದಲ್ಲಿ ತೂಗುತ್ತಿದೆ ಎಂಬುದೂ ಮುಖ್ಯ. ತೂಕವನ್ನು ದೂರದಿಂದ ಗುಣಿಸಿದರೆ ಬರುವುದೇ ಎಂಜಿನಿಯರರು ಬೆಂಡಿಂಗ್ ಮೊಮೆಂಟ್ ಎಂದು ಕರೆಯುವ ಬಾಗುಬಲ. ಮೇಲೆ ಸ್ಲ್ಯಾಬ್, ಕೆಳಗೆ ಅಡಿಪಾಯ ಎರಡೂ ಹಿಡಿದಿರುವ ನಮ್ಮ ಗೋಡೆಯಲ್ಲಿ ಮೀಟರ್ ಉದ್ದಕ್ಕೆ ಗರಿಷ್ಠ ಬಾಗುಬಲ 1.86 ಟನ್-ಮೀಟರ್, ಅದು ಬರುವುದು ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಎದೆಯ ಮಟ್ಟದಲ್ಲಿ.

ಈಗ ಎರಡನ್ನೂ ಕೂಡಿಸೋಣ. ಮೇಲಿನ ಭಾರ 6 ಟನ್, ಬಾಗುಬಲ 1.86 ಟನ್-ಮೀಟರ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.31 ಮೀಟರ್. ಇದರ ಅರ್ಥವೇನೆಂದರೆ, ಆ 6 ಟನ್ ಭಾರವು ಗೋಡೆಯ ನಟ್ಟನಡುವೆ ಇಳಿಯುವ ಬದಲು ನಡುವಿನಿಂದ 31 ಸೆಂಟಿಮೀಟರ್ ಆಚೆಗೆ ನಿಂತಂತೆ ಗೋಡೆಗೆ ಅನ್ನಿಸುತ್ತದೆ. ಗೋಡೆಯ ಅರ್ಧ ದಪ್ಪವೇ 10 ಸೆಂಟಿಮೀಟರ್! ಭಾರವು ಗೋಡೆಯ ಹೊರಗೇ ಬಿದ್ದುಹೋಯಿತು. ಇಟ್ಟಿಗೆಯಾಗಲಿ, ಕಲ್ಲಾಗಲಿ, ಕಂಬಿಯಿಲ್ಲದ ಕಾಂಕ್ರೀಟಾಗಲಿ ಜಗ್ಗುವಿಕೆಯನ್ನು ತಾಳಲಾರದು. ನೂರು ಟನ್ ಹೊರಬಲ್ಲ ಗೋಡೆಯು ನಾಲ್ಕು ಟನ್ನಿನ ಅಡ್ಡ ತಳ್ಳುವಿಕೆಗೆ ಸೋಲುವುದು ಹೀಗೆ. ಇಲ್ಲಿ ಗೋಡೆಯನ್ನು ಕಾಯುವುದು ಕಂಬಿ.

ಮೇಲಿನ ಭಾರವು ಹೆಚ್ಚಿದ್ದಷ್ಟೂ ಜಗ್ಗುವಿಕೆ ತುಸು ಕಡಿಮೆಯಾಗುತ್ತದೆ ಎಂಬುದು ನಿಜ. ಆದ್ದರಿಂದಲೇ ‘ಮೇಲಿನ ಅಂತಸ್ತು ಮುಂದಿನ ವರ್ಷ’ ಎನ್ನುವ ನಮ್ಮ ಪದ್ಧತಿಯನ್ನು ವಿನ್ಯಾಸಕಾರರಿಗೆ ಮೊದಲೇ ತಿಳಿಸಬೇಕು. ಅಂತಸ್ತು ಬಾರದಿರುವಾಗಲೂ ಮಣ್ಣು ಮಾತ್ರ ಪೂರ್ಣ ಬಲದಿಂದ ಒತ್ತುತ್ತಲೇ ಇರುತ್ತದೆ. ಭಾರ ಕನಿಷ್ಠ, ಒತ್ತಡ ಗರಿಷ್ಠ ಎಂಬ ಸ್ಥಿತಿಯನ್ನೂ ಪರೀಕ್ಷಿಸಬೇಕಾಗುತ್ತದೆ.

ಕಂಬಿ ಯಾವ ಮುಖದಲ್ಲಿ?

ನಮ್ಮ ಗೋದಾಮಿನ ಕಾಣದ ಬಿರುಕಿನ ಗುಟ್ಟು ಈ ಪ್ರಶ್ನೆಯಲ್ಲಿದೆ. ಅಂಗಡಿಯ ಅಟ್ಟದ ಹಲಗೆಯನ್ನು ನೆನೆಯಿರಿ. ಎರಡೂ ತುದಿಗೆ ಆಧಾರವಿದ್ದು ನಡುವೆ ಸರಕು ಹೇರಿದರೆ ಹಲಗೆಯ ಕೆಳಮೈ ಹಿಗ್ಗುತ್ತದೆ. ಒಂದೇ ತುದಿಯನ್ನು ಗೋಡೆಗೆ ಬಿಗಿದು ಚಾಚಿದ ಹಲಗೆಯಾದರೆ ಗೋಡೆಯ ಬಳಿ ಅದರ ಮೇಲ್ಮೈ ಹಿಗ್ಗುತ್ತದೆ. ನೆಲಮಾಳಿಗೆಯ ಗೋಡೆಯನ್ನು ನಿಲ್ಲಿಸಿದ ಹಲಗೆಯೆಂದು ತಿಳಿಯಿರಿ. ಮೇಲೆ ಸ್ಲ್ಯಾಬ್ ಇದ್ದರೆ ಕೋಣೆಯ ಕಡೆಯ ಮುಖ ಹಿಗ್ಗುತ್ತದೆ, ಮುಖ್ಯ ಕಂಬಿ ಅಲ್ಲಿರಬೇಕು. ಸ್ಲ್ಯಾಬ್ ಇಲ್ಲದಿದ್ದರೆ ಅದು ಒಂದೇ ತುದಿ ಬಿಗಿದ ಹಲಗೆ. ತಳದಲ್ಲಿ, ಮಣ್ಣಿನ ಕಡೆಯ ಮುಖ ಹಿಗ್ಗುತ್ತದೆ.

ನಮ್ಮ ಎಂಜಿನಿಯರರು ಸ್ಲ್ಯಾಬ್ ಇರುವ ಸ್ಥಿತಿಗೆ ಸರಿಯಾಗಿಯೇ ನಕ್ಷೆ ಮಾಡಿದ್ದರು. ಒಳಮುಖಕ್ಕೆ ದಪ್ಪ ಕಂಬಿ, ಹೊರಮುಖಕ್ಕೆ ಕನಿಷ್ಠ ಪ್ರಮಾಣದ ಸಣ್ಣ ಕಂಬಿ. ಮೇ ತಿಂಗಳಲ್ಲಿ ಸ್ಲ್ಯಾಬ್ ಇಲ್ಲದೆ ಮಣ್ಣು ತುಂಬಿದಾಗ ತಳದಲ್ಲಿ ಬಂದ ಬಾಗುಬಲ 1.86 ಅಲ್ಲ, 4.05 ಟನ್-ಮೀಟರ್. ಗೋಡೆ ತುಸು ಹೊರಳಿ ಮಣ್ಣಿನ ಪಾಲು ಮೂರರಲ್ಲೊಂದಕ್ಕೆ ಇಳಿದಿತ್ತೆಂದು ಉದಾರವಾಗಿ ಹಿಡಿದರೂ 2.7. ಅದೂ ಸಣ್ಣ ಕಂಬಿಯಿದ್ದ ಮುಖದಲ್ಲಿ. ಅಲ್ಲಿಯೇ, ಮಣ್ಣಿನೊಳಗೆ, ಯಾರ ಕಣ್ಣಿಗೂ ಬೀಳದಂತೆ, ತಳದ ಉದ್ದಕ್ಕೂ ಗೋಡೆ ಬಿರಿಯಿತು. ಜುಲೈಯಲ್ಲಿ ಸ್ಲ್ಯಾಬ್ ಬಿದ್ದ ಮೇಲೆ ಗೋಡೆ ನಿಂತಿತು, ಬಿರುಕು ಉಳಿಯಿತು. ಅಡಿಪಾಯಕ್ಕೂ ಗೋಡೆಗೂ ನಡುವೆ ಕಾಂಕ್ರೀಟ್ ಎರಡು ಸಲಕ್ಕೆ ಬಿದ್ದ ಸಂದು ಸಹ ಅಲ್ಲಿಯೇ ಇತ್ತು. ಅದರಲ್ಲಿ ನೀರು ತಡೆಯುವ ಪಟ್ಟಿಯನ್ನು ಕೂರಿಸಿರಲಿಲ್ಲ. ಆಗಸ್ಟ್ ಮಳೆಗೆ ಬೇರೆ ದಾರಿ ಹುಡುಕುವ ಅಗತ್ಯವೇ ಬೀಳಲಿಲ್ಲ.

ಆಳದ ವಿಷಯದಲ್ಲಿ ಇನ್ನೊಂದು ಮಾತು. ಸ್ಲ್ಯಾಬ್ ಇಲ್ಲದೆ ನಿಂತ ಗೋಡೆಯ ಬಾಗುಬಲವು ಆಳದ ಘನದಂತೆ ಬೆಳೆಯುತ್ತದೆ. ಅದೇ ಮಣ್ಣಿಗೆ 2 ಮೀಟರ್ ಆಳಕ್ಕೆ 1.2, 3 ಮೀಟರಿಗೆ 4.05, 4 ಮೀಟರಿಗೆ 9.6 ಟನ್-ಮೀಟರ್. ‘ಹೇಗೂ ಅಗೆಯುತ್ತಿದ್ದೇವೆ, ಇನ್ನೆರಡು ಅಡಿ ಇಳಿಸೋಣ’ ಎಂದು ಜೆ.ಸಿ.ಬಿ. ಚಾಲಕನಿಗೆ ಹೇಳುವ ಮೊದಲು ಈ ಮೂರು ಅಂಕಿಗಳನ್ನು ನೆನೆಯುವುದು ಒಳ್ಳೆಯದು.

ನೀರು, ಲಾರಿ ಮತ್ತು ಎರೆಮಣ್ಣು

ಮೇಲಿನ ಲೆಕ್ಕವೆಲ್ಲ ಒಣ ಮಣ್ಣಿನದು. ಗೋಡೆಯ ಹಿಂದೆ ನೀರು ಪೂರ್ತಿ ನಿಂತರೆ ನೀರಿನೊಳಗಿನ ಮಣ್ಣು ಹಗುರಾಗಿ ಅದರ ಒತ್ತಡ ಇಳಿಯುತ್ತದೆ. ಆದರೆ ನೀರು ತನ್ನ ಒತ್ತಡವನ್ನು ಅರ್ಧ ಪಾಲಿಗೆ ಬಿಡದೆ ಪೂರ್ತಿಯಾಗಿ ಹಾಕುತ್ತದೆ. ತಳದ ಒತ್ತಡವು 2.7ರಿಂದ 4.5 ಟನ್ನಿಗೆ ಏರುತ್ತದೆ. ಬಾಗುಬಲ 1.86ರಿಂದ 3.1 ಆಗುತ್ತದೆ. ಗೋಡೆಯ ಪಕ್ಕದಲ್ಲೇ ಲಾರಿ ನಿಂತು ಸರಕು ಇಳಿಸುವುದಾದರೆ, ಚದರ ಮೀಟರಿಗೆ ಒಂದು ಟನ್ ಹೆಚ್ಚಿನ ಭಾರವೆಂದು ಹಿಡಿದರೂ, ಒಣ ಸ್ಥಿತಿಯಲ್ಲಿಯೇ ಬಾಗುಬಲ 2.6ಕ್ಕೆ ಹೋಗುತ್ತದೆ. ನೀರು, ಲಾರಿ ಎರಡೂ ಕೂಡಿದರೆ 3.85; ಮೂಲದ ಎರಡು ಪಟ್ಟು. ನಾನು ಗೆರೆ ಎಳೆದ ಸಾಲಿನಲ್ಲಿದ್ದ ಖಡಿಯ ಪದರ, ತೂತಿನ ಕೊಳವೆಗಳ ಕೆಲಸವೇ ಆ ನೀರನ್ನು ನಿಲ್ಲಗೊಡದೆ ಹೊರಗೆ ಒಯ್ಯುವುದಾಗಿತ್ತು.

ಗರಸಿನ ಕೆಲಸವೂ ಇತ್ತು. ನಮ್ಮ ಎರೆಮಣ್ಣು ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಎಷ್ಟು ಒಳ್ಳೆಯದೋ ಗೋಡೆಗೆ ಅಷ್ಟೇ ಕೆಟ್ಟದ್ದು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಗೋಡೆಯಿಂದ ದೂರ ಸರಿಯುತ್ತದೆ. ಆ ಬಿರುಕಿನೊಳಗೆ ಧೂಳು, ಸಡಿಲ ಮಣ್ಣು ಬೀಳುತ್ತದೆ. ಮುಂದಿನ ಮಳೆಗೆ ಉಬ್ಬಲು ಜಾಗವಿಲ್ಲದೆ ಗೋಡೆಯನ್ನು ಇನ್ನಷ್ಟು ಒತ್ತುತ್ತದೆ. ಈ ಉಬ್ಬರದ ಒತ್ತಡವು ಮೇಲಿನ ಯಾವ ಲೆಕ್ಕದಲ್ಲಿಯೂ ಸೇರಿಲ್ಲ. ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರು ಎರೆಮಣ್ಣಿಗೂ ಕಟ್ಟಡಕ್ಕೂ ನಡುವೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಹಾಕುವ ವಿಧಾನವನ್ನು ರೂಪಿಸಿದರು. ನಮ್ಮ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಅದು ಬಳಕೆಯಾಯಿತು. ಅಗೆದ ಎರೆಮಣ್ಣನ್ನೇ ಗೋಡೆಯ ಹಿಂದಕ್ಕೆ ತುಂಬುವುದೆಂದರೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಗೆ ನೀರು ಸುರಿದಂತೆ ಎಂದು ನನ್ನ ಮಿತ್ರರು ಹೇಳಿದರು. ಆ ಸಾಲಿಗೆ ಗೆರೆ ಎಳೆದವನು ಎದುರಿಗೇ ಕುಳಿತಿದ್ದಾನೆಂದು ಅವರಿಗೆ ಆಗ ತಿಳಿದಿರಲಿಲ್ಲ.

ಲೆಕ್ಕಪುಸ್ತಕದ ಪುಟ

ವಿಮೆಯ ವಿಷಯ ಮೊದಲು. ಆಗ ಇದ್ದದ್ದು ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿ. ಬಿರುಗಾಳಿ, ಪ್ರವಾಹ, ಜಲಾವೃತಿ ಅದರಲ್ಲಿ ಸೇರಿದ್ದವು. ಆದರೆ ರಸ್ತೆಯ ನೀರು ಅಂಗಡಿಗೆ ನುಗ್ಗಿಲ್ಲ, ಗೋಡೆಯಿಂದ ಒಸರಿದ್ದನ್ನು ಪ್ರವಾಹವೆನ್ನಲಾಗದು ಎಂದರು ಸರ್ವೇಯರ್. ನೆಲದ ಕುಸಿತದ ಕಲಮಿಗೆ ಹೋದರೆ ಅಲ್ಲಿ ಹೊಸ ಕಟ್ಟಡದ ಸಹಜ ಬಿರುಕು, ತುಂಬಿದ ಮಣ್ಣಿನ ಕುಸಿತ, ದೋಷಪೂರ್ಣ ವಿನ್ಯಾಸ ಅಥವಾ ಕೆಲಸಗಾರಿಕೆ ಇವನ್ನೆಲ್ಲ ಹೊರಗಿಡಲಾಗಿತ್ತು. ಕ್ಲೇಮು ತಿರಸ್ಕೃತವಾಯಿತು. 2021ರ ಏಪ್ರಿಲ್ 1ರಿಂದ ಒಂದು ಸ್ಥಳದಲ್ಲಿ 5 ಕೋಟಿಯವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳು ಬಂದಿವೆ. ನೆಲದ ಕುಸಿತದ ಮಟ್ಟಿಗೆ ಈ ಬಗೆಯ ಹೊರಗಿಡುವಿಕೆಗಳು ಅವುಗಳಲ್ಲಿಯೂ ಇವೆ. ನೆಲಮಾಳಿಗೆಯಲ್ಲಿ ಸರಕು ಇಡುವವರು ತಮ್ಮ ಪಾಲಿಸಿಯ ಆ ಪುಟವನ್ನು ಒಮ್ಮೆ ಓದಿಕೊಳ್ಳಬೇಕು.

ಎರಡನೆಯ ಪೆಟ್ಟು ಜಿ.ಎಸ್.ಟಿ.ಯದು. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು 17(5)ನೇ ಕಲಮಿನ ‘ಎಚ್’ ಖಂಡದ ಪ್ರಕಾರ ಹಿಂದಿರುಗಿಸಬೇಕು. 6,40,000 ರೂಪಾಯಿಯ ಸರಕಿಗೆ ಶೇ. 18ರಂತೆ 1,15,200 ರೂಪಾಯಿ. ಸರಕೂ ಹೋಯಿತು, ಅದರ ಮೇಲಿನ ತೆರಿಗೆಯನ್ನೂ ಮತ್ತೆ ಕಟ್ಟಬೇಕಾಯಿತು.

ಮೂರನೆಯದು ದುರಸ್ತಿ. ದೀಪಾವಳಿಯ ನಂತರ, ಸ್ಲ್ಯಾಬಿನ ಆಧಾರವಿದ್ದುದರಿಂದ ಧೈರ್ಯವಾಗಿ, ಹೊರಗಿನ ಮಣ್ಣನ್ನು ಒಂದೊಂದು ಭಾಗವಾಗಿ ತೆಗೆದು, ಬಿರುಕಿಗೆ ರಾಳ ತುಂಬಿ, ಹೊರಮೈಗೆ ಜಲನಿರೋಧಕ ಲೇಪ ಬಳಿದು, ಖಡಿ-ಕೊಳವೆ-ಗರಸು ಹಾಕಲಾಯಿತು. ಒಟ್ಟು 5,20,000 ರೂಪಾಯಿ, ತೆರಿಗೆಯನ್ನು ಬಿಟ್ಟು. ಇದರಲ್ಲಿ ಬಿರುಕಿನ ದುರಸ್ತಿಯ 2,90,000 ರೂಪಾಯಿಯನ್ನು ಚಾಲ್ತಿ ದುರಸ್ತಿಯೆಂದು ಲಾಭ-ನಷ್ಟದ ಖಾತೆಗೆ ಹಾಕಿದೆವು. ಬಂಡವಾಳಕ್ಕೆ ಸೇರಿಸದ ದುರಸ್ತಿಯ ಮೇಲಿನ ಜಿ.ಎಸ್.ಟಿ. ಜಮೆ ಸಿಗುತ್ತದೆ. ಹೊಸದಾಗಿ ಮಾಡಿದ ಬಸಿಗಾಲುವೆಯ 2,30,000 ರೂಪಾಯಿ ಕಟ್ಟಡದ ಬಂಡವಾಳಕ್ಕೆ ಸೇರಿತು. ಅದರ ತೆರಿಗೆಗೆ ಜಮೆ ಇಲ್ಲ. ಆ ತೆರಿಗೆಯೂ ಕಟ್ಟಡದ ಬೆಲೆಯಲ್ಲಿ ಸೇರಿ ವರ್ಷಕ್ಕೆ ಶೇ. 10ರ ಸವಕಳಿಯಲ್ಲಿ ನಿಧಾನವಾಗಿ ಕರಗುತ್ತದೆ. 1,80,000ಕ್ಕೆ ಗೆರೆ ಎಳೆದ ಸಾಲಿಗೇ 2,30,000 ಕೊಟ್ಟಂತಾಯಿತು.

ಇಲ್ಲಿ ಒಂದು ಎಚ್ಚರಿಕೆ. ನೆಲಮಾಳಿಗೆಯ ಗೋಡೆಯನ್ನು ‘ಯಂತ್ರದ ಅಡಿಪಾಯ’ ಎಂದು ತೋರಿಸಿ ಜಮೆ ಪಡೆಯಲು ಸಲಹೆ ಕೊಡುವವರಿದ್ದಾರೆ. ಯಂತ್ರವನ್ನು ನೆಲಕ್ಕೆ ಬಿಗಿಯುವ ಅಡಿಪಾಯವು ಸ್ಥಾವರ ಮತ್ತು ಯಂತ್ರದ ವ್ಯಾಖ್ಯೆಯಲ್ಲಿ ಸೇರುತ್ತದೆ, ನಿಜ. ಭೂಮಿ, ಕಟ್ಟಡ, ಇತರ ಸಿವಿಲ್ ರಚನೆಗಳು ಸೇರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಕೆಲವರಲ್ಲಿ ಆಸೆ ಹುಟ್ಟಿಸಿತ್ತು. 2025ರ ಹಣಕಾಸು ಕಾಯಿದೆಯು ‘ಸ್ಥಾವರ ಅಥವಾ ಯಂತ್ರ’ ಎಂದಿದ್ದುದನ್ನು ‘ಸ್ಥಾವರ ಮತ್ತು ಯಂತ್ರ’ ಎಂದು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ತಿದ್ದಿ ಆ ಬಾಗಿಲನ್ನು ಮುಚ್ಚಿತು.

ಹಾಗಾದರೆ ಮೊದಲೇ ಗಟ್ಟಿಯಾದ ಗೋಡೆ ಕಟ್ಟಿದ್ದರೆ ಎಷ್ಟಾಗುತ್ತಿತ್ತು? ನೀರು, ಲಾರಿ ಎರಡನ್ನೂ ಹಿಡಿದ ವಿನ್ಯಾಸಕ್ಕೆ 200 ಮಿ.ಮೀ. ಗೋಡೆಯ ಒಳಮುಖದ ಕಂಬಿಯು ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಗೋಡೆಯ ಪ್ರತಿ ಮೀಟರಿಗೆ ಸುಮಾರು 14 ಕಿಲೋ ಅಧಿಕ. ಜೊತೆಗೆ ದಪ್ಪವನ್ನು 250 ಮಿ.ಮೀ. ಮಾಡಿದರೆ ಮೀಟರಿಗೆ 0.18 ಘನಮೀಟರ್ ಕಾಂಕ್ರೀಟ್ ಅಧಿಕ. ಕಂಬಿಗೆ ಕಿಲೋಗೆ 65 ರೂಪಾಯಿ, ಕಾಂಕ್ರೀಟಿಗೆ ಘನಮೀಟರಿಗೆ 6,500 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯುತ್ತೇನೆ. ನಿಮ್ಮ ಊರಿನ ಇಂದಿನ ದರವನ್ನು ನೀವು ಹಾಕಿಕೊಳ್ಳಬಹುದು. ಮೀಟರಿಗೆ 2,080 ರೂಪಾಯಿ, 64 ಮೀಟರಿಗೆ 1,33,120 ರೂಪಾಯಿ. ಜಮೆ ಸಿಗದ ಶೇ. 18 ತೆರಿಗೆ ಸೇರಿಸಿದರೆ 1,57,000 ರೂಪಾಯಿಯ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿರುವುದು ಇಂಥ ಕೆಲಸಕ್ಕೆ ಕೊಂಚ ಸಹಾಯಕ. ದಪ್ಪ ಹೆಚ್ಚಿದಾಗ ಕಂಬಿ ಸ್ವಲ್ಪ ಇಳಿಯುವುದರಿಂದ ವಾಸ್ತವದ ಖರ್ಚು ಇದಕ್ಕಿಂತ ಕಡಿಮೆಯೇ. ನಮ್ಮ ವ್ಯಾಪಾರಿಗಳು ಅಂಗಡಿಯ ಮುಂಭಾಗದ ಗಾಜು-ಅಲ್ಯುಮಿನಿಯಂ ಅಲಂಕಾರಕ್ಕೆ ಇದಕ್ಕಿಂತ ಹೆಚ್ಚು ಹಣವನ್ನು ಪ್ರಶ್ನೆಯಿಲ್ಲದೆ ಕೊಡುವುದನ್ನು ನಾನು ಕಂಡಿದ್ದೇನೆ.

ನಕ್ಷೆಗೆ ಸಹಿ ಹಾಕುವ ಮುನ್ನ

ಎಂಜಿನಿಯರರ ಕೆಲಸವನ್ನು ನಾವು ಮಾಡಬೇಕಾಗಿಲ್ಲ, ಮಾಡಲೂಬಾರದು. ಆದರೆ ಕೇಳುವ ಹಕ್ಕು ಹಣ ಕೊಡುವವರಿಗಿದೆ. ಮಣ್ಣಿನ ಪರೀಕ್ಷೆ ಆಗಿದೆಯೇ, ಎರೆಮಣ್ಣಾದರೆ ಅದರ ಉಬ್ಬುವ ಗುಣದ ಅಂಕಿ ವರದಿಯಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಮಣ್ಣಿನ ಒತ್ತಡಕ್ಕೆ ಅರ್ಧ ಪಾಲು ಹಿಡಿದಿದ್ದೀರೋ ಮೂರರಲ್ಲೊಂದೋ, ನೀರು ನಿಂತ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ, ಲಾರಿ ಎಲ್ಲಿ ನಿಲ್ಲುತ್ತದೆಂದು ನಾನು ಹೇಳಿದ್ದು ನೆನಪಿದೆಯೇ ಎಂದು ಕೇಳಿ. ಮುಖ್ಯ ಕಂಬಿ ಯಾವ ಮುಖದಲ್ಲಿ ಎಂಬುದನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲು ಹೇಳಿ, ಕಾಂಕ್ರೀಟ್ ಬೀಳುವ ಹಿಂದಿನ ಸಂಜೆ ಸ್ಥಳದಲ್ಲಿ ಅದನ್ನು ನೋಡಿ ಬನ್ನಿ. ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತೆಗೆದಿಡಿ. ಮಣ್ಣಿನೊಳಗಿನ ಗೋಡೆಗೆ ಕಂಬಿಯ ಮೇಲೆ 30 ಮಿ.ಮೀ. ಕಾಂಕ್ರೀಟ್ ಹೊದಿಕೆ, ಕನಿಷ್ಠ ಎಂ-25 ದರ್ಜೆ ಎಂಬುದು 2000ದ ಆವೃತ್ತಿಯ ಸಾಮಾನ್ಯ ನಿಯಮ. 200 ಮಿ.ಮೀ.ಗಿಂತ ದಪ್ಪದ ಗೋಡೆಗೆ ಎರಡೂ ಮುಖದಲ್ಲಿ ಕಂಬಿಯ ಜಾಲರಿ ಕಡ್ಡಾಯ. ಇಂದು ನಾವು ಹೆಚ್ಚಾಗಿ ಕೊಳ್ಳುವ ಪೋಜೋಲಾನ ಮಿಶ್ರಿತ ಸಿಮೆಂಟಿಗೆ ಏಳು ದಿನವಲ್ಲ, ಹತ್ತು ದಿನವಾದರೂ ನೀರುಣಿಸಬೇಕು. ಬೇಸಿಗೆಯಲ್ಲಿ ನೆಟ್ಟನೆಯ ಗೋಡೆಗೆ ಗೋಣಿತಟ್ಟು ಕಟ್ಟದೆ ಬರಿದೆ ಕೊಳವೆಯಿಂದ ನೀರು ಹಾಯಿಸಿದರೆ ಅದು ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ.

ಗುತ್ತಿಗೆ ಕರಾರಿನಲ್ಲಿ ನಾನು ಈಗ ತಪ್ಪದೆ ಸೇರಿಸುವ ಒಂದು ವಾಕ್ಯವಿದೆ: ‘ಮೇಲಿನ ಸ್ಲ್ಯಾಬ್ ಬಿದ್ದು ಎಂಜಿನಿಯರರು ಲಿಖಿತ ಒಪ್ಪಿಗೆ ಕೊಡುವವರೆಗೆ ಗೋಡೆಯ ಹಿಂದೆ ಮಣ್ಣು ತುಂಬತಕ್ಕದ್ದಲ್ಲ; ತುಂಬಿದಲ್ಲಿ ಗುತ್ತಿಗೆದಾರನು ಸ್ವಂತ ಖರ್ಚಿನಿಂದ ತೆಗೆಯತಕ್ಕದ್ದು.’ ಜಾಗದ ಇಕ್ಕಟ್ಟಿನಿಂದ ಮೊದಲೇ ತುಂಬುವುದು ಅನಿವಾರ್ಯವಾದರೆ ಅದನ್ನು ವಿನ್ಯಾಸದ ಹಂತದಲ್ಲಿಯೇ ತಿಳಿಸಿ, ಹೊರಮುಖಕ್ಕೂ ಸಾಕಷ್ಟು ಕಂಬಿ ಹಾಕಿಸಿಕೊಳ್ಳಬಹುದು ಅಥವಾ ಒಳಗಿನಿಂದ ಗಟ್ಟಿಯಾದ ಆಸರೆ ಕೊಡಬಹುದು. ಅದಕ್ಕೂ ಖರ್ಚುಂಟು; ಅದನ್ನು ಯೋಜನಾ ವರದಿಯಲ್ಲಿ ತೋರಿಸಿ ಬ್ಯಾಂಕಿನವರಿಗೆ ವಿವರಿಸುವ ಹೊಣೆ ನನ್ನಂಥವರದು.

ಆ ಗೋದಾಮು ಈಗ ಒಣಗಿದೆ. ಪೆಟ್ಟಿಗೆಗಳನ್ನು ನೆಲದಿಂದ ಆರು ಅಂಗುಲ ಎತ್ತರದ ಹಲಗೆಗಳ ಮೇಲೆ ಇಡುತ್ತಾರೆ. ಕೊಳವೆಯ ನೀರು ಹೊರಗಿನ ಒಂದು ಸಣ್ಣ ಗುಂಡಿಗೆ ಬಂದು ಬೀಳುತ್ತದೆ, ಅಲ್ಲಿಂದ ಪಂಪು ಎತ್ತಿ ಹಾಕುತ್ತದೆ. ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ ಮಾಲೀಕರು ಆ ಗುಂಡಿಯ ಹೂಳು ತೆಗೆಸಿ, ಖರ್ಚಿನ ಚೀಟಿಯನ್ನು ನನ್ನ ಕಚೇರಿಗೆ ಕಳುಹಿಸುತ್ತಾರೆ. ಚೀಟಿಯ ಮೇಲೆ ‘ಗ್ವಾಡಿ ಸಲುವಾಗಿ’ ಎಂದು ಬರೆದಿರುತ್ತದೆ. ಅದಕ್ಕೆ ನಾನು ಈವರೆಗೆ ಯಾವ ಪ್ರಶ್ನೆಯನ್ನೂ ಹಾಕಿಲ್ಲ.